ಸಮುದ್ರ ದಾಟಿ ಬಂದವರ ಸಂಸಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ಮಗನೋ ಮಗಳೋ ಇರುವವರು ಬಾಸ್ಟನ್ ಕಡೆ ಹೋದರೆ ಪ್ಲಿಮತ್‌ಗೂ ಒಂದು ದಿನ ಹೋಗಿ ಬರುತ್ತಾರೆ. 1620ರ ದಶಕದ ಇಂಗ್ಲಿಷರ ಹಳ್ಳಿಯೊಂದನ್ನು ಅಲ್ಲಿ ಮತ್ತೆ ಕಟ್ಟಿಟ್ಟಿದ್ದಾರೆ. ಹಲಗೆ ಗೋಡೆ, ಹುಲ್ಲಿನ ಚಾವಣಿ, ಹೊಗೆ ಹಿಡಿದ ಒಂದೇ ಕೋಣೆ. ಅದನ್ನು ನೋಡಿ ಬಂದವರು ನನ್ನನ್ನು ರಾಜಕೀಯ ಕೇಳುವುದು ಕಡಿಮೆ. "ಇಷ್ಟೇ ಇಷ್ಟು ಜಾಗದಲ್ಲಿ ಸಂಸಾರ ಹೇಗೆ ಮಾಡಿದರು?" ಅಂತಲೇ ಶುರು ಮಾಡುತ್ತಾರೆ. ಸಂಸಾರ ಅನ್ನುವುದು ಸರಿಯಾದ ಪದವೇ. ನಮ್ಮಲ್ಲಿ ಸಂಸಾರ ಅಂದರೆ ಹೆಂಡತಿಯೂ ಹೌದು, ಮನೆಮಂದಿಯೂ ಹೌದು, ದಿನದ ಜಂಜಾಟವೂ ಹೌದು. 17ನೇ ಶತಮಾನದ ಆ ಮನೆಗಳಲ್ಲಿ ಈ ಮೂರನ್ನೂ ಬಿಡಿಸಿ ನೋಡಲು ಆಗುವುದಿಲ್ಲ.

ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

## ಮೊದಮೊದಲು ಕೇಳುವುದು

ಎಲ್ಲ ವಲಸೆಗಾರರೂ ಒಂದೇ ತರ ಅಲ್ವಾ? ಇಂಗ್ಲೆಂಡಿಂದ ಬಂದವರೇ ತಾನೆ?

ಬಂದ ದೇಶ ಒಂದೇ. ಬಂದ ರೀತಿ ಬೇರೆ. ದಕ್ಷಿಣದಲ್ಲಿ ವರ್ಜೀನಿಯಾ (ಜೇಮ್ಸ್‌ಟೌನ್, 1607), ಆಮೇಲೆ ಮೇರಿಲ್ಯಾಂಡ್ (1634). ಅಲ್ಲಿಗೆ ಬಂದವರಲ್ಲಿ ಹೆಚ್ಚಿನವರು ಒಂಟಿ ಹುಡುಗರು. ಹೊಗೆಸೊಪ್ಪು ಬೆಳೆದು ದುಡ್ಡು ಮಾಡುವ ಆಸೆ ಅವರದ್ದು. ಉತ್ತರದಲ್ಲಿ ಪ್ಲಿಮತ್ (1620), ಮ್ಯಾಸಚೂಸೆಟ್ಸ್ ಬೇ (1630). ಈ ಕಡೆಯವರು ಧರ್ಮದ ಕಾರಣಕ್ಕೆ ಊರು ಬಿಟ್ಟವರು. ಹೆಂಡತಿ, ಮಕ್ಕಳು, ಆಳುಕಾಳು ಸಮೇತ ಬಂದರು.

ಹವೆಯೂ ಬೇರೆ. ದಕ್ಷಿಣದ ಚೆಸಪೀಕ್ ಕೊಲ್ಲಿಯ ಸುತ್ತಿನ ಜೌಗು ನೆಲದಲ್ಲಿ ಮಲೇರಿಯಾ, ರಕ್ತಭೇದಿ. ಉತ್ತರದಲ್ಲಿ ಕೊರೆಯುವ ಚಳಿ, ಆದರೆ ಒಳ್ಳೆಯ ನೀರು. ಮುಂದಿನ ಪ್ರಶ್ನೆಗಳಲ್ಲಿ ನಾನು "ಉತ್ತರ", "ದಕ್ಷಿಣ" ಅಂದಾಗ ಈ ಎರಡು ಕಡೆಗಳು ಅಂತ ಇಟ್ಟುಕೊಳ್ಳಿ.

ಜೇಮ್ಸ್‌ಟೌನ್‌ಗೆ ಮೊದಲು ಬರೀ ಗಂಡಸರು ಹೋದದ್ದಾ? ಹೆಂಗಸರು ಯಾವಾಗ ಬಂದರು?

1607ರ ಹಡಗುಗಳಲ್ಲಿ ಬಂದು ನೆಲೆ ನಿಂತವರು ನೂರಕ್ಕೆ ಸ್ವಲ್ಪ ಜಾಸ್ತಿ. ಎಲ್ಲರೂ ಗಂಡಸರು, ಹುಡುಗರು. ಮರುವರ್ಷ ಇಬ್ಬರು ಹೆಂಗಸರು ಬಂದರು. ಒಬ್ಬಾಕೆ ಮಿಸ್ಟ್ರೆಸ್ ಫಾರೆಸ್ಟ್. ಇನ್ನೊಬ್ಬಳು ಆಕೆಯ ಕೆಲಸದ ಹುಡುಗಿ ಆನ್ ಬರಸ್, ಹದಿನಾಲ್ಕರ ಆಸುಪಾಸಿನವಳು. ಅದೇ ವರ್ಷದ ಕೊನೆಗೆ ಅವಳ ಮದುವೆ ಜಾನ್ ಲೇಡನ್ ಎಂಬ ಬಡಗಿಯ ಜೊತೆ ಆಯಿತು. ವರ್ಜೀನಿಯಾದ ಇಂಗ್ಲಿಷರಲ್ಲಿ ಮೊದಲ ಮದುವೆ ಅದು.

ಸಾಮಾನ್ಯವಾಗಿ ಕಥೆ ಇಲ್ಲಿಗೆ ನಿಲ್ಲಿಸುತ್ತಾರೆ. ಮುಂದಿನದ್ದು ಯಾರೂ ಹೇಳುವುದಿಲ್ಲ. ಕೆಲವು ವರ್ಷಗಳ ನಂತರ, ಆ ವಸಾಹತು ನಡೆಸುತ್ತಿದ್ದ ವರ್ಜೀನಿಯಾ ಕಂಪನಿಗೆ ಅಂಗಿ ಹೊಲಿದು ಕೊಡುವ ಕೆಲಸ ಆನ್‌ಗೆ ಬಿತ್ತು. ಕೊಟ್ಟ ದಾರ ಸಾಲಲಿಲ್ಲ, ಅಂಗಿ ಗಿಡ್ಡವಾಯಿತು. ಆಗ ಅಲ್ಲಿ ಮಿಲಿಟರಿ ಮಾದರಿಯ ಕಾನೂನು. ಬಸುರಿಯನ್ನು ಚಾವಟಿಯಿಂದ ಹೊಡೆದರು. ಆ ರಾತ್ರಿ ಗರ್ಭ ಜಾರಿತು. ಇಷ್ಟಾದರೂ ಗಂಡ ಹೆಂಡತಿ ಇಬ್ಬರೂ ಬದುಕಿ ಉಳಿದರು. 1625ರ ಜನಗಣತಿಯಲ್ಲಿ ಅವರ ಹೆಸರಿನ ಕೆಳಗೆ ನಾಲ್ಕು ಹೆಣ್ಣುಮಕ್ಕಳಿದ್ದಾರೆ. ಹಿರಿಯಳ ಹೆಸರು ವರ್ಜೀನಿಯಾ.

ಹೆಂಡತೀನ ಹೊಗೆಸೊಪ್ಪು ಕೊಟ್ಟು ಕೊಂಡುಕೊಳ್ತಿದ್ದರಂತೆ, ನಿಜಾನಾ?

ಅರ್ಧ ನಿಜ. ಗಂಡಸರು ಬರೀ ದುಡ್ಡು ಮಾಡಿಕೊಂಡು ವಾಪಸ್ ಹೋಗುವ ಮನಸ್ಸಿನಲ್ಲಿದ್ದರು. ಅವರನ್ನು ನೆಲಕ್ಕೆ ಕಟ್ಟಿಹಾಕಬೇಕು, ಅದಕ್ಕೆ ಸಂಸಾರ ಬೇಕು ಅಂತ ವರ್ಜೀನಿಯಾ ಕಂಪನಿ ಲೆಕ್ಕ ಹಾಕಿತು. 1620ರಲ್ಲಿ ತೊಂಬತ್ತು ಹುಡುಗಿಯರನ್ನು, 1621ರಲ್ಲಿ ಮತ್ತೆ 57 ಮಂದಿಯನ್ನು ಕಳಿಸಿತು. ಎರಡನೆಯ ಸಲ, ಮದುವೆಯಾಗುವ ಗಂಡು ಪ್ರಯಾಣದ ಖರ್ಚಿಗೆ ಅಂತ ಕಂಪನಿಗೆ 150 ಪೌಂಡ್ ತೂಕದ ಒಳ್ಳೆಯ ಹೊಗೆಸೊಪ್ಪು ಕೊಡಬೇಕಿತ್ತು.

ಹುಡುಗಿ ಬೇಡ ಅನ್ನಬಹುದಿತ್ತು. ಒತ್ತಾಯದ ಮದುವೆ ಕೂಡದು, ಸ್ವಂತ ಜಮೀನಿಲ್ಲದ ಆಳುಗಳಿಗೆ ಕೊಡಕೂಡದು ಅಂತ ಕಂಪನಿಯ ಸೂಚನೆಯೂ ಇತ್ತು. ಆದ್ದರಿಂದ "ಮಾರಾಟ" ಅನ್ನುವುದು ಸ್ವಲ್ಪ ಜಾಸ್ತಿಯಾಯಿತು. ಆದರೆ ಮೂರು ಸಾವಿರ ಮೈಲಿ ದೂರ, ವಾಪಸ್ ಹಡಗಿಗೆ ಕೈಯಲ್ಲಿ ಕಾಸಿಲ್ಲ, ಸುತ್ತ ಕಾಡು. ಅಂಥಾ ಕಡೆ "ಬೇಡ" ಅನ್ನುವ ಸ್ವಾತಂತ್ರ್ಯ ಎಷ್ಟು ದಿನ ಬಾಳುತ್ತದೆ ಹೇಳಿ. ಬಂದ ಕೆಲವೇ ತಿಂಗಳಿಗೆ, 1622ರ ಮಾರ್ಚ್‌ನಲ್ಲಿ, ಅಲ್ಲಿನ ಮೂಲನಿವಾಸಿಗಳಾದ ಪೌಹಾಟನ್ ಜನರ ದಾಳಿಯಲ್ಲಿ 347 ಇಂಗ್ಲಿಷರು ಸತ್ತರು.

ಮೇಫ್ಲವರ್‌ನಲ್ಲಿ ಬಂದವರಲ್ಲಿ ಮೊದಲ ಮದುವೆ ಯಾರದ್ದು?

ಮೇಫ್ಲವರ್ ಅಂದರೆ 1620ರಲ್ಲಿ ಪ್ಲಿಮತ್ ಕಟ್ಟಿದವರನ್ನು ಹೊತ್ತು ತಂದ ಹಡಗು. ಅವರಲ್ಲಿ ಮೊದಲು ಮದುವೆಯಾದವರು ಎಡ್ವರ್ಡ್ ವಿನ್ಸ್ಲೊ ಮತ್ತು ಸುಸಾನಾ ವೈಟ್. 1621ರ ಮೇ 12. ತಾರೀಖುಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ. ಸುಸಾನಾಳ ಗಂಡ ಸತ್ತದ್ದು ಫೆಬ್ರವರಿಯಲ್ಲಿ. ಎಡ್ವರ್ಡ್‌ನ ಹೆಂಡತಿ ಸತ್ತದ್ದು ಮಾರ್ಚ್ ಕೊನೆಗೆ. ಇಬ್ಬರಿಗೂ ವರ್ಷಾಂತಿಕ ಇರಲಿ, ಮೂರು ತಿಂಗಳೂ ಕಳೆದಿರಲಿಲ್ಲ.

ಇದನ್ನು ಹೇಳಿದಾಗ ಸಭೆಯಲ್ಲಿ ಯಾರಾದರೊಬ್ಬರು "ಛೆ, ಇಷ್ಟು ಬೇಗನಾ?" ಅನ್ನುತ್ತಾರೆ. ಹಡಗಲ್ಲಿ ಬಂದ 102 ಜನರಲ್ಲಿ ಅರ್ಧದಷ್ಟು ಮೊದಲ ಚಳಿಗಾಲದಲ್ಲೇ ಹೋದರು. ಹೆಂಡತಿಯರಲ್ಲಿ ಉಳಿದವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಸುಸಾನಾಳ ಕೈಯಲ್ಲಿ ಹಡಗು ಲಂಗರು ಹಾಕಿದಾಗ ಹುಟ್ಟಿದ ಐದಾರು ತಿಂಗಳ ಕೂಸು. ಇನ್ನೊಬ್ಬ ಮಗ ಪುಟ್ಟವನು. ಬಿತ್ತುವ ಕಾಲ ಬಂದಿದೆ, ನೆಲ ಅಗೆಯಲು ಆಳಿಲ್ಲ. ಒಲೆ ಹಚ್ಚುವವರಿಲ್ಲದ ಮನೆ ಒಂದು, ಬೇಟೆಗೆ ಹೋಗುವವರಿಲ್ಲದ ಮನೆ ಇನ್ನೊಂದು. ಎರಡನ್ನೂ ಸೇರಿಸಿದರು. ದುಃಖ ಇರಲಿಲ್ಲ ಅಂತ ಇದರ ಅರ್ಥ ಅಲ್ಲ. ದುಃಖಕ್ಕೆ ಬಿಡುವಿರಲಿಲ್ಲ.

## ಮದುವೆಯ ವಿಚಾರ

ಅಷ್ಟೊಂದು ದೈವಭಕ್ತರು ಅಂತೀರಿ, ಪಾದ್ರಿ ಇಲ್ಲದೆ ಮದುವೆ ಮಾಡ್ತಿದ್ರಾ?

ಹೌದು, ಉತ್ತರದಲ್ಲಿ ಹಾಗೇ. ವಿನ್ಸ್ಲೊ ಮದುವೆಯೂ ಪಾದ್ರಿ ಇಲ್ಲದೆ, ಅಧಿಕಾರಿಯ ಮುಂದೆ ಆದದ್ದು. ಪ್ಲಿಮತ್‌ನವರು ಅಲ್ಲಿಗೆ ಬರುವ ಮುಂಚೆ ಹತ್ತಾರು ವರ್ಷ ಹಾಲೆಂಡಿನ ಲೈಡನ್ ಊರಿನಲ್ಲಿದ್ದರು. ಅಲ್ಲಿ ನೋಡಿದ ಪದ್ಧತಿ ಇದು. ಮದುವೆ ಪಾದ್ರಿಯ ಕೆಲಸ ಅಂತ ಬೈಬಲ್‌ನಲ್ಲಿ ಎಲ್ಲೂ ಇಲ್ಲ, ಅದು ಆಸ್ತಿ, ವಾರಸುದಾರಿಕೆಯ ವ್ಯವಹಾರ, ಆದ್ದರಿಂದ ಸರ್ಕಾರದ ಕೆಲಸ ಅಂತ ಅವರ ವಾದ. ಉಂಗುರವೂ ಬೇಡ, ಅದು ಪೋಪನ ಕಡೆಯ ಆಚಾರ ಅಂತ ಬಿಟ್ಟರು. ಹೆಣ್ಣಿನ ಮನೆಯಲ್ಲಿ ಮ್ಯಾಜಿಸ್ಟ್ರೇಟ್ ಮುಂದೆ ಒಪ್ಪಿಗೆ ಹೇಳಿದರೆ ಮುಗಿಯಿತು. ನಮ್ಮ ರಿಜಿಸ್ಟರ್ ಮದುವೆ ಇದ್ದಂಗೆ. ಮ್ಯಾಸಚೂಸೆಟ್ಸ್‌ನಲ್ಲಿ ಪಾದ್ರಿಗಳಿಗೆ ಮದುವೆ ಮಾಡಿಸುವ ಅಧಿಕಾರ ಬಂದದ್ದು 17ನೇ ಶತಮಾನದ ಕೊನೆಯ ಹೊತ್ತಿಗೆ.

ಒಂದನ್ನು ಮಾತ್ರ ಬಿಡಲಿಲ್ಲ: ಇಂಥವರಿಗೂ ಇಂಥವರಿಗೂ ಮದುವೆ ಅಂತ ಮುಂಚೆ ಊರಿಗೆಲ್ಲ ಸಾರುವುದು. ನಮ್ಮ ಕಡೆ ಚರ್ಚುಗಳಲ್ಲಿ ಈಗಲೂ ಮೂರು ಭಾನುವಾರ ಹೆಸರು ಓದುತ್ತಾರಲ್ಲ, ಅದೇ. ಇಂಗ್ಲೆಂಡಿನಲ್ಲಿ ಒಬ್ಬ ಹೆಂಡತಿ ಬಿಟ್ಟು ಬಂದು ಇಲ್ಲಿ ಇನ್ನೊಬ್ಬಳನ್ನು ಕಟ್ಟಿಕೊಳ್ಳುವವರನ್ನು ಹಿಡಿಯಲು ಇದೊಂದೇ ದಾರಿ. ದಕ್ಷಿಣದಲ್ಲಿ ವರ್ಜೀನಿಯಾದವರು ಇಂಗ್ಲೆಂಡಿನ ಚರ್ಚಿನವರೇ, ಅಲ್ಲಿ ಪಾದ್ರಿಯೇ ಮದುವೆ ಮಾಡಿಸಬೇಕು. ತಮಾಷೆ ಏನೆಂದರೆ ಪಾದ್ರಿಗಳು ಸಿಗುತ್ತಿರಲಿಲ್ಲ.

ಹನ್ನೆರಡು ಹದಿಮೂರಕ್ಕೇ ಹೆಣ್ಣುಮಕ್ಕಳ ಮದುವೆ ಮುಗಿಸ್ತಿದ್ರು ಅಲ್ವಾ?

ಇಲ್ಲ. ಆನ್ ಬರಸ್ ತರದವರು ಅಪರೂಪ. ಉತ್ತರದಲ್ಲಿ ಹೆಣ್ಣಿಗೆ ಇಪ್ಪತ್ತು, ಇಪ್ಪತ್ತೆರಡು. ಗಂಡಿಗೆ ಇಪ್ಪತ್ತಾರರ ಸುಮಾರು. ಗಂಡಿಗೆ ತಡ ಯಾಕೆಂದರೆ ಜಮೀನು ಅಪ್ಪನ ಕೈಯಲ್ಲಿತ್ತು. ದಕ್ಷಿಣದಲ್ಲಿ ಕರಾರಿನ ಮೇಲೆ ಆಳಾಗಿ ಬಂದ ಹುಡುಗಿಗೆ ಕರಾರು ಮುಗಿಯುವವರೆಗೆ ಮದುವೆಯಿಲ್ಲ, ಹಾಗಾಗಿ ಅವಳಿಗೂ ಇಪ್ಪತ್ತು ದಾಟುತ್ತಿತ್ತು. ಅವಳಿಗೆ ಅಲ್ಲೇ ಹುಟ್ಟಿದ ಮಗಳು ಮಾತ್ರ ಬೇಗ, ಹದಿನಾರು ಹದಿನೇಳಕ್ಕೆ. ಹೆಣ್ಣು ಕಡಿಮೆ, ಕೇಳುವವರು ಜಾಸ್ತಿ.

ಅಪ್ಪ ಅಮ್ಮ ನೋಡಿ ಮಾಡಿದ ಮದುವೇನಾ, ಲವ್ ಮ್ಯಾರೇಜಾ?

ಎರಡರ ನಡುವೆ. ಹುಡುಗ ಹುಡುಗಿ ಒಪ್ಪಲೇಬೇಕು. ಆದರೆ ಹುಡುಗಿಯ ತಂದೆಯನ್ನು ಕೇಳದೆ ಅವಳ ಹಿಂದೆ ಸುತ್ತಿದರೆ ಕೋರ್ಟಿನಲ್ಲಿ ದಂಡ. ಎರಡೂ ಮನೆಯವರು ಕೂತು "ಮಾತುಕತೆ" ಆಡುತ್ತಿದ್ದರು. ಗಂಡಿನ ಕಡೆಯವರು ಜಮೀನು, ಹೆಣ್ಣಿನ ಕಡೆಯವರು ಹಣ, ದನ, ಹಾಸಿಗೆ, ಪಾತ್ರೆ. ಸಾಮಾನ್ಯವಾಗಿ ಗಂಡಿನವರು ಕೊಟ್ಟದ್ದರ ಅರ್ಧದಷ್ಟು ಹೆಣ್ಣಿನವರು ಕೊಡುವ ರೂಢಿ. "ವರದಕ್ಷಿಣೆ ಇತ್ತಾ?" ಅಂತ ಬೇರೆಯಾಗಿ ಕೇಳುವವರಿಗೂ ಇದೇ ಉತ್ತರ. ಇತ್ತು, ಆದರೆ ಎರಡೂ ಕಡೆಯಿಂದ. ಪ್ರೀತಿ ಮದುವೆಗೆ ಮುಂಚೆ ಹುಟ್ಟಲೇಬೇಕು ಅಂತ ಇಲ್ಲ, ಹುಟ್ಟುವ ಸೂಚನೆ ಇದ್ದರೆ ಸಾಕು ಅಂದುಕೊಂಡಿದ್ದರು. ಇದು ನಮ್ಮ ಅಜ್ಜಿಯರಿಗೆ ಅರ್ಥವಾಗುವ ಲೆಕ್ಕ.

ವ್ಯವಹಾರ ಮುರಿದುಬಿದ್ದ ಕಥೆಯೊಂದು ನನಗೆ ಬಹಳ ಇಷ್ಟ. ಕಾಲ ಸ್ವಲ್ಪ ಈಚಿನದು, 1720. ಬಾಸ್ಟನ್ನಿನ ಜಡ್ಜ್ ಸ್ಯಾಮ್ಯುಯೆಲ್ ಸ್ಯೂಯಲ್‌ಗೆ ಆಗ 68 ವರ್ಷ, ಎರಡನೆಯ ಹೆಂಡತಿಯೂ ತೀರಿಕೊಂಡಿದ್ದಳು. ವಿಧವೆ ಕ್ಯಾಥರೀನ್ ವಿನ್‌ತ್ರಾಪ್ ಮನೆಗೆ ಓಡಾಡಲು ಶುರು ಮಾಡಿದ. ಸಕ್ಕರೆ ಹಚ್ಚಿದ ಬಾದಾಮಿ ಒಯ್ದ, ಅದರ ಬೆಲೆಯನ್ನೂ ದಿನಚರಿಯಲ್ಲಿ ಬರೆದಿಟ್ಟ. ಆಕೆ ಕುದುರೆಗಾಡಿ ಇಡಬೇಕು ಅಂದಳು, ಅವನು ಖರ್ಚು ಜಾಸ್ತಿ ಅಂದ. ವಿಗ್ ಹಾಕಿಕೊಳ್ಳಿ ಅಂದಳು. ಬೋಳುತಲೆಗೆ ವಿಗ್ ಹಾಕುವುದು ದೇವರ ಕೆಲಸಕ್ಕೆ ಎದುರಾಡಿದಂತೆ ಅಂತ ಅವನ ನಂಬಿಕೆ. ಕೊನೆಕೊನೆಗೆ ಆಕೆ ಒಲೆಗೆ ಕಟ್ಟಿಗೆ ಹಾಕಿಸುವುದನ್ನೂ ಕಡಿಮೆ ಮಾಡಿದಳು. ಅವನಿಗೆ ಅರ್ಥವಾಯಿತು. ಎರಡು ವರ್ಷದ ಮೇಲೆ ಬೇರೆ ವಿಧವೆಯೊಬ್ಬಳನ್ನು ಮದುವೆಯಾದ.

ಮದುವೆ ಆಗದೆ ಇದ್ದರೆ ಏನು ಮಾಡ್ತಿದ್ರು?

ಒಂಟಿಯಾಗಿ ಇರಲು ಬಿಡುತ್ತಿರಲಿಲ್ಲ. ಕನೆಕ್ಟಿಕಟ್‌ನಲ್ಲಿ 1637ರ ಹೊತ್ತಿಗೆ ಕಾನೂನೇ ಬಂತು. ಮದುವೆಯಾಗದ, ಆಳೂ ಇಲ್ಲದ ಹುಡುಗ ಊರಿನ ಒಪ್ಪಿಗೆ ಇಲ್ಲದೆ ಬೇರೆ ಮನೆ ಮಾಡಿದರೆ ವಾರಕ್ಕೆ 20 ಶಿಲ್ಲಿಂಗ್ ದಂಡ. ಆ ದಿನಗಳಲ್ಲಿ ಒಳ್ಳೆಯ ಬಡಗಿಯ ಕೂಲಿ ದಿನಕ್ಕೆ ಎರಡು ಶಿಲ್ಲಿಂಗ್. ಅಂದರೆ ವಾರವಿಡೀ ದುಡಿದರೂ ದಂಡ ಕಟ್ಟಲು ಸಾಲದು. ಯಾರದ್ದಾದರೂ ಸಂಸಾರದಲ್ಲಿ ಸೇರಿಕೋ, ಇಲ್ಲವೇ ನಿನ್ನದೇ ಒಂದು ಮಾಡಿಕೋ ಅಂತ ಅರ್ಥ. ಬೆಂಗಳೂರಿನಲ್ಲಿ ಬ್ಯಾಚುಲರ್‌ಗೆ ಮನೆ ಇಲ್ಲ ಅನ್ನುವ ಬೋರ್ಡು ನೋಡಿದಾಗೆಲ್ಲ ನನಗೆ ಇದು ನೆನಪಾಗುತ್ತದೆ.

## ಮನೆಯೊಳಗೆ

ಒಂದೇ ಕೋಣೆ, ಏಳೆಂಟು ಮಕ್ಕಳು. ಎಲ್ಲಿ ಮಲಗ್ತಿದ್ರು?

ಎಲ್ಲರೂ ಒಂದೇ ಕಡೆ. ಮನೆಯಲ್ಲಿ ಬೆಲೆಬಾಳುವ ವಸ್ತು ಅಂದರೆ ಗರಿ ತುಂಬಿದ ಹಾಸಿಗೆಯ ಮಂಚ. ಉಯಿಲಿನಲ್ಲಿ ಅದನ್ನು ಯಾರಿಗೆ ಅಂತ ಬರೆದೇ ಸಾಯುತ್ತಿದ್ದರು. ಅದರಲ್ಲಿ ಗಂಡ ಹೆಂಡತಿ, ಜೊತೆಗೆ ಹಾಲು ಕುಡಿಯುವ ಕೂಸು. ಮಂಚದ ಅಡಿಯಿಂದ ಹೊರಗೆ ಎಳೆಯುವ ಇನ್ನೊಂದು ಸಣ್ಣ ಮಂಚದಲ್ಲಿ ಚಿಕ್ಕ ಮಕ್ಕಳು. ದೊಡ್ಡ ಮಕ್ಕಳು, ಆಳುಗಳು ಅಟ್ಟದಲ್ಲಿ, ಮುಸುಕಿನ ಜೋಳದ ಮೂಟೆಗಳ ಪಕ್ಕ. ಅಡುಗೆ, ಊಟ, ಹೆರಿಗೆ, ಸಾವು ಎಲ್ಲ ಆ ಕೋಣೆಯಲ್ಲೇ.

ಗುಟ್ಟು ಅನ್ನುವುದೇ ಇರಲಿಲ್ಲ. ಪಕ್ಕದ ಮನೆಯವರು ಗೋಡೆಯ ಸಂದಿಯಲ್ಲಿ ಕಂಡದ್ದನ್ನು ಕೋರ್ಟಿನಲ್ಲಿ ಹೇಳಿದ್ದಾರೆ. ಆ ಸಾಕ್ಷಿಗಳಿಂದಲೇ ಅವರ ಸಂಸಾರದ ಒಳವಿಚಾರ ಇಂದು ನಮಗೆ ಗೊತ್ತಾಗುವುದು.

ಹೆರಿಗೆ ಬಾಣಂತನ ಹೇಗೆ? ತವರು ಅಂತ ಇರಲಿಲ್ಲವಲ್ಲ?

ಈ ಪ್ರಶ್ನೆ ಹೆಂಗಸರೇ ಕೇಳುವುದು. ಮೊದಲ ತಲೆಮಾರಿಗೆ ತವರು ಸಮುದ್ರದ ಆಚೆ ಉಳಿಯಿತು. ಆ ಜಾಗಕ್ಕೆ ಅಕ್ಕಪಕ್ಕದ ಹೆಂಗಸರು ಬಂದರು. ನೋವು ಶುರುವಾದರೆ ಗಂಡ ಸೂಲಗಿತ್ತಿಯನ್ನು ಕರೆತರಲು ಓಡಬೇಕು. ಐದಾರು ನೆರೆಯವರು ಬಂದು ಕೂರುತ್ತಾರೆ, ಗಂಡ ಹೊರಗೆ. ಬಂದವರಿಗೆ ಬಸುರಿಯೇ ಮುಂಚಿತವಾಗಿ ಬಿಯರ್, ಕೇಕು ಮಾಡಿಟ್ಟಿರಬೇಕು. ಅವಕ್ಕೆ ನರಳಾಟದ ಬಿಯರ್, ನರಳಾಟದ ಕೇಕು ಅಂತಲೇ ಹೆಸರು! ಹೆತ್ತ ಮೇಲೆ ಕೆಲವು ವಾರ ಒಳಗೇ ಇದ್ದು, ಆಮೇಲೆ ಸಹಾಯ ಮಾಡಿದವರನ್ನೆಲ್ಲ ಕರೆದು ಊಟ ಹಾಕುವ ರೂಢಿಯೂ ಇತ್ತು.

ಇಂಥ ಬಾಣಂತಿ ಕೋಣೆಯಿಂದಲೇ ಒಂದು ದೊಡ್ಡ ಗಲಾಟೆ ಎದ್ದಿತು. ಆನ್ ಹಚಿನ್ಸನ್ 1634ರಲ್ಲಿ ಬಾಸ್ಟನ್ನಿಗೆ ಬಂದವಳು, ಹದಿನೈದು ಮಕ್ಕಳ ತಾಯಿ, ಹೆರಿಗೆ ಮಾಡಿಸುವುದರಲ್ಲಿ ನಿಪುಣೆ. ಹೆರಿಗೆಗೆ ಹೋದಲ್ಲಿ ಹೆಂಗಸರ ಜೊತೆ ಧರ್ಮದ ಮಾತು ಆಡುತ್ತಿದ್ದಳು. ಆಮೇಲೆ ಅವಳ ಮನೆಯಲ್ಲೇ ಸಭೆ ಸೇರತೊಡಗಿತು, ಗಂಡಸರೂ ಬಂದರು. ಪಾದ್ರಿಗಳಿಗೆ ಸಹಿಸಲಾಗಲಿಲ್ಲ. 1637ರಲ್ಲಿ ವಿಚಾರಣೆ, 1638ರಲ್ಲಿ ಗಡೀಪಾರು.

ಮಕ್ಕಳಿಗೆ ವಿಚಿತ್ರ ಹೆಸರು ಇಡ್ತಿದ್ರಂತೆ?

ಪ್ಲಿಮತ್‌ನ ಹಿರಿಯ ವಿಲಿಯಂ ಬ್ರೂಸ್ಟರ್‌ನ ಮಕ್ಕಳ ಹೆಸರನ್ನು ಕನ್ನಡಕ್ಕೆ ತಂದರೆ ಸಹನೆ, ಭಯ, ಪ್ರೀತಿ, ಸೆಣಸಾಟ. ಮೇಫ್ಲವರ್ ಸಮುದ್ರದ ಮಧ್ಯೆ ಇದ್ದಾಗ ಹುಟ್ಟಿದ ಹಾಪ್ಕಿನ್ಸ್ ದಂಪತಿಯ ಕೂಸು ಓಷಿಯಾನಸ್. ಸುಸಾನಾಳ ಹಡಗಿನ ಮಗು ಪೆರೆಗ್ರಿನ್, ಅಂದರೆ ಪರದೇಶಿ. ನಮ್ಮಲ್ಲಿ ಅದು ಬೈಗುಳವೂ ಹೌದು. ಆ ಪರದೇಶಿ ಎಂಬತ್ತು ದಾಟಿ ಬದುಕಿ 1704ರಲ್ಲಿ ಸತ್ತ. ಸತ್ತ ಮಗುವಿನ ಹೆಸರನ್ನೇ ಮುಂದಿನ ಮಗುವಿಗೆ ಇಡುವುದೂ ಸಾಮಾನ್ಯವಾಗಿತ್ತು.

ಹೆತ್ತ ಮಕ್ಕಳನ್ನ ಬೇರೆಯವರ ಮನೆಗೆ ಕಳಿಸಿಬಿಡ್ತಿದ್ರು ಅಂತ ಓದಿದೆ. ಎಂಥ ಕಲ್ಲೆದೆ!

ಹತ್ತು ಹನ್ನೆರಡು ದಾಟಿದ ಮಕ್ಕಳನ್ನು ಕೆಲಸ ಕಲಿಯಲು, ಮನೆಗೆಲಸಕ್ಕೆ ಇನ್ನೊಂದು ಸಂಸಾರಕ್ಕೆ ಕಳಿಸುತ್ತಿದ್ದದ್ದು ನಿಜ. ಬಡವರಷ್ಟೇ ಅಲ್ಲ, ಇದ್ದವರೂ ಕಳಿಸುತ್ತಿದ್ದರು. ತಾಯಿತಂದೆ ಮುದ್ದಿನಲ್ಲಿ ಹಾಳು ಮಾಡುತ್ತಾರೆ, ಬೇರೆಯವರು ತಿದ್ದುತ್ತಾರೆ ಅನ್ನುವ ಭಯವೂ ಇದರ ಹಿಂದೆ ಇತ್ತು ಅಂತ ಕೆಲವು ಇತಿಹಾಸಕಾರರು ಹೇಳುತ್ತಾರೆ. ನನಗೆ ಈ ವಾದ ಹಿಡಿಸುತ್ತದೆ. ಕಲ್ಲೆದೆಯವರಿಗೆ ಆ ಭಯ ಯಾಕೆ ಬರಬೇಕು?

ಮಾತು ಕೇಳದ ಹದಿನಾರು ದಾಟಿದ ಮಗನಿಗೆ ಮರಣದಂಡನೆ ಅಂತ ಮ್ಯಾಸಚೂಸೆಟ್ಸ್‌ನಲ್ಲಿ 1646ರ ಕಾನೂನು ಹೇಳುತ್ತದೆ. ಒಬ್ಬನನ್ನೂ ಗಲ್ಲಿಗೆ ಹಾಕಲಿಲ್ಲ. ಅದೇ ಊರಿನವರು 1642ರಲ್ಲಿ ಮಕ್ಕಳಿಗೆ ಓದು ಕಲಿಸದ ತಂದೆಗೆ ದಂಡ ಅಂದರು, 1647ರಲ್ಲಿ ಐವತ್ತು ಮನೆಯ ಊರಿಗೆ ಒಬ್ಬ ಮೇಷ್ಟ್ರು ಅಂದರು. ಇದು ಮಾತ್ರ ಜಾರಿಯಾಯಿತು.

ಅಜ್ಜ ಅಜ್ಜಿ ಜೊತೇಲಿ ಇರ್ತಿದ್ರಾ? ಕೂಡುಕುಟುಂಬ ಇತ್ತಾ?

ಒಂದೇ ಸೂರಿನಡಿ ಕೂಡುಕುಟುಂಬ ಇಲ್ಲ. ಮದುವೆಯಾದರೆ ಬೇರೆ ಮನೆ. ಆದರೆ ಅಜ್ಜ ಅಜ್ಜಿ ಎಂಬುವರು ಇದ್ದರೇ ಅನ್ನುವುದೇ ಉತ್ತರಕ್ಕೂ ದಕ್ಷಿಣಕ್ಕೂ ಇರುವ ದೊಡ್ಡ ವ್ಯತ್ಯಾಸ.

ಉತ್ತರದಲ್ಲಿ ಮೊದಲ ಚಳಿಗಾಲ ದಾಟಿದವರು ಎಪ್ಪತ್ತರವರೆಗೆ ಬದುಕಿದರು. ಇಂಗ್ಲೆಂಡಿನಲ್ಲೇ ಇದ್ದಿದ್ದರೆ ಅಷ್ಟು ಬಾಳುತ್ತಿದ್ದರೋ ಇಲ್ಲವೋ. ಮೊಮ್ಮಕ್ಕಳನ್ನು ಆಡಿಸಿದರು. ಅದರ ಇನ್ನೊಂದು ಮುಖ ಮ್ಯಾಸಚೂಸೆಟ್ಸ್ ಕಡೆಯ ಆಂಡೋವರ್ ಊರಿನ ದಾಖಲೆಗಳಲ್ಲಿ ಕಾಣುತ್ತದೆ. ಅಪ್ಪ ಸಾಯುವುದಿಲ್ಲ, ಜಮೀನು ಬರೆದುಕೊಡುವುದಿಲ್ಲ. ಮಗ ಮೂವತ್ತು ದಾಟಿ ಎರಡು ಮಕ್ಕಳ ತಂದೆಯಾದರೂ ಅಪ್ಪನ ಹೊಲದಲ್ಲೇ ದುಡಿಯುತ್ತಿರುತ್ತಾನೆ. ಗೊತ್ತಿರೋ ಕಥೆ ಅಲ್ವಾ?

ದಕ್ಷಿಣದಲ್ಲಿ ಇದಕ್ಕೆ ತದ್ವಿರುದ್ಧ. ಹತ್ತು ವರ್ಷ ತುಂಬುವ ಮೊದಲೇ ಎಷ್ಟೋ ಮದುವೆಗಳು ಸಾವಿನಲ್ಲಿ ಮುಗಿದವು. ಉಳಿದವರು ತಿಂಗಳೊಪ್ಪತ್ತಿನಲ್ಲಿ ಮತ್ತೆ ಮದುವೆಯಾದರು, ಆ ಜೋಡಿಯಲ್ಲೂ ಒಬ್ಬರು ಸತ್ತರು, ಇನ್ನೊಬ್ಬರು ಮತ್ತೆ ಮದುವೆಯಾದರು. ಹೀಗೆ ನಡೆದು ಒಂದು ಮನೆಯಲ್ಲಿ ಇಬ್ಬರೂ ಹೆತ್ತವರಲ್ಲದ ಮಕ್ಕಳು ಬೆಳೆದರು. ಮಲತಾಯಿಯ ಹೊಸ ಗಂಡ, ಅವನ ಮೊದಲ ಹೆಂಡತಿಯ ಮಕ್ಕಳು, ಅವರ ಚಿಕ್ಕಪ್ಪ! ಮಲತಂದೆ ಆಸ್ತಿ ನುಂಗದಂತೆ ನೋಡಿಕೊಳ್ಳಲು ಅನಾಥ ಮಕ್ಕಳ ಕೋರ್ಟು ಅಂತಲೇ ಮಾಡಬೇಕಾಯಿತು. ಅಲ್ಲಿ ಅಣ್ಣ, ಚಿಕ್ಕಪ್ಪ, ಚರ್ಚಿನ ನಾಮಕರಣದಲ್ಲಿ ಮಗುವಿನ ಹೊಣೆ ಹೊತ್ತ ಧರ್ಮದ ತಂದೆತಾಯಿ, ಇಂಥ ಅಡ್ಡ ಸಂಬಂಧಗಳೇ ಮಕ್ಕಳನ್ನು ಕಾಪಾಡಿದವು.

## ಕಾನೂನು, ಜಗಳ, ಆಸ್ತಿ

ವಿಚ್ಛೇದನ ಸಿಗ್ತಿತ್ತಾ?

ಉತ್ತರದಲ್ಲಿ ಸಿಗುತ್ತಿತ್ತು, ಕಷ್ಟಪಟ್ಟು. ಮದುವೆ ಸರ್ಕಾರದ ವ್ಯವಹಾರ ಅಂದಮೇಲೆ ಮುರಿಯುವ ಅಧಿಕಾರವೂ ಸರ್ಕಾರದ್ದೇ. 1643ರಲ್ಲಿ ಬಾಸ್ಟನ್ನಿನ ಕೋರ್ಟು ಆನ್ ಕ್ಲಾರ್ಕ್ ಎಂಬಾಕೆಗೆ ಬಿಡುಗಡೆ ಕೊಟ್ಟಿತು. ಗಂಡ ಡೆನಿಸ್ ಅವಳನ್ನು ಬಿಟ್ಟು ಇನ್ನೊಬ್ಬಳ ಜೊತೆ ಸಂಸಾರ ಹೂಡಿದ್ದ, ವಾಪಸ್ ಬರುವುದಿಲ್ಲ ಅಂತ ಬರೆದೂ ಕೊಟ್ಟಿದ್ದ. ವರ್ಜೀನಿಯಾದಲ್ಲಿ ಇಂಗ್ಲೆಂಡಿನ ಚರ್ಚಿನ ನಿಯಮ, ಪೂರ್ತಿ ಬಿಡುಗಡೆ ಇಲ್ಲ. ಅಲ್ಲಿನ ವಿಚ್ಛೇದನದ ಹೆಸರು ಪರಾರಿ.

ಗಂಡ ಹೊಡೆದರೆ ಕೇಳೋರಿದ್ರಾ?

1641ರ ಮ್ಯಾಸಚೂಸೆಟ್ಸ್ ಕಾನೂನಿನಲ್ಲಿ ಒಂದು ಸಾಲಿದೆ. ಮದುವೆಯಾದ ಹೆಣ್ಣಿಗೆ ಗಂಡನ ಹೊಡೆತದಿಂದ ರಕ್ಷಣೆ ಇದೆ, ಅವಳೇ ಮೇಲೆ ಬಿದ್ದು ಅವನು ತಪ್ಪಿಸಿಕೊಳ್ಳಲು ಹೊಡೆದರೆ ಮಾತ್ರ ಬೇರೆ ಅಂತ. ಆ ಕಾಲಕ್ಕೆ ಕಾಗದದ ಮೇಲೆ ಹೀಗೆ ಬರೆದದ್ದೇ ದೊಡ್ಡದು. ಕೋರ್ಟಿಗೆ ಬಂದ ಗಂಡಂದಿರಿಗೆ ದಂಡ ಬಿದ್ದದ್ದೂ ಇದೆ. ಬಹಳಷ್ಟು ಸಲ "ಇಬ್ಬರೂ ಹೊಂದಿಕೊಂಡು ಹೋಗಿ" ಅಂತ ಬುದ್ಧಿ ಹೇಳಿ ಕಳಿಸಿದರು. ಈ ಸಾಲು ನಮ್ಮ ಪಂಚಾಯಿತಿ ಕಟ್ಟೆಯಲ್ಲೂ ಕೇಳಿದ್ದೇವೆ.

ಹೆಂಗಸರಿಗೆ ಆಸ್ತಿ ಹಕ್ಕು?

ಮದುವೆಯಾದ ಹೆಣ್ಣಿಗೆ ಇಂಗ್ಲಿಷ್ ಕಾನೂನಿನಲ್ಲಿ ಬೇರೆ ಅಸ್ತಿತ್ವವೇ ಇಲ್ಲ, ಅವಳು ಗಂಡನ ನೆರಳು. ಅವಳ ದನ, ಪಾತ್ರೆ, ಕೂಲಿ ಎಲ್ಲ ಅವನದ್ದು. ವಿಧವೆಗೆ ಮಾತ್ರ ಜೀವ ಇರುವವರೆಗೆ ಗಂಡನ ಜಮೀನಿನ ಮೂರನೇ ಒಂದು ಪಾಲು. ದಕ್ಷಿಣದ ಗಂಡಂದಿರು ತಮ್ಮ ಸಾವು ಹತ್ತಿರವೇ ಇದೆ ಅಂತ ಬಲ್ಲವರು. ಹಾಗಾಗಿ ಎಷ್ಟೋ ಉಯಿಲುಗಳಲ್ಲಿ ಮೂರನೇ ಒಂದಕ್ಕಿಂತ ಜಾಸ್ತಿ ಹೆಂಡತಿಗೇ ಬರೆದರು. ವಿಧವೆಯ ಬೆಲೆ ಏರಿತು. ಫ್ರಾನ್ಸಿಸ್ ಕಲ್‌ಪೆಪರ್ ಎಂಬಾಕೆ ಮೊದಲು ಸ್ಯಾಮ್ಯುಯೆಲ್ ಸ್ಟೀಫನ್ಸ್, 1670ರಲ್ಲಿ ವರ್ಜೀನಿಯಾದ ಗವರ್ನರ್ ಬರ್ಕ್ಲಿ, ಅವನ ನಂತರ ಫಿಲಿಪ್ ಲಡ್‌ವೆಲ್, ಹೀಗೆ ಮೂವರನ್ನು ಮದುವೆಯಾಗಿ ಮೂರನೆಯ ಸಂಸಾರಕ್ಕೂ ಲೇಡಿ ಬರ್ಕ್ಲಿ ಎಂಬ ಹೆಸರಲ್ಲೇ ಹೋದಳು.

ಮದುವೆಯೇ ಆಗದಿದ್ದರೆ? ಮಾರ್ಗರೆಟ್ ಬ್ರೆಂಟ್ 1638ರಲ್ಲಿ ಮೇರಿಲ್ಯಾಂಡ್‌ಗೆ ಬಂದು ಸ್ವಂತ ಜಮೀನು ಮಾಡಿದಳು. ಗವರ್ನರ್ ಕ್ಯಾಲ್ವರ್ಟ್ ಸಾಯುವಾಗ ತನ್ನ ಎಸ್ಟೇಟಿನ ಜವಾಬ್ದಾರಿ ಅವಳಿಗೇ ವಹಿಸಿದ. ಸಂಬಳ ಸಿಗದೆ ದಂಗೆ ಏಳಲಿದ್ದ ಸಿಪಾಯಿಗಳಿಗೆ ದನ ಮಾರಿ ಹಣ ಕೊಟ್ಟಳು. 1648ರ ಜನವರಿಯಲ್ಲಿ ಶಾಸನಸಭೆಗೆ ಹೋಗಿ ನನಗೆ ಎರಡು ವೋಟು ಕೊಡಿ ಅಂದಳು, ನನ್ನದೊಂದು, ಮೇರಿಲ್ಯಾಂಡಿನ ಒಡೆಯ ಲಾರ್ಡ್ ಬಾಲ್ಟಿಮೋರ್ ಪರವಾಗಿ ಒಂದು. ಕೊಡಲಿಲ್ಲ.

## ಇನ್ನೂ ಒಳಗೆ ಹೋದವರಿಗೆ

ಆಳುಗಳು, ಗುಲಾಮರು ಮದುವೆ ಆಗಬಹುದಿತ್ತಾ?

ಪ್ರಯಾಣದ ಖರ್ಚಿಗೆ ನಾಲ್ಕರಿಂದ ಏಳು ವರ್ಷ ದುಡಿಯಲು ಬರೆದುಕೊಟ್ಟ ಆಳುಗಳಿಗೆ ಯಜಮಾನನ ಒಪ್ಪಿಗೆ ಬೇಕು. ಹುಡುಗಿ ಬಸುರಾದರೆ ಯಜಮಾನನಿಗೆ "ನಷ್ಟ" ಅಂತ ಇನ್ನಷ್ಟು ವರ್ಷ ಸೇರಿಸುತ್ತಿದ್ದರು, ಬಸುರು ಮಾಡಿದವನು ಯಜಮಾನನೇ ಆಗಿದ್ದರೂ ಅವಳ ಜೀತ ತಪ್ಪುತ್ತಿರಲಿಲ್ಲ.

ಆಫ್ರಿಕಾದಿಂದ ಹಿಡಿದು ತಂದವರ ಕಥೆ ಶುರುವಿನಲ್ಲಿ ಸ್ವಲ್ಪ ಸಡಿಲವಿತ್ತು, ಆಮೇಲೆ ಬಿಗಿಯಾಯಿತು. 1620ರ ದಶಕದ ಮೊದಲಲ್ಲಿ ವರ್ಜೀನಿಯಾಕ್ಕೆ ಬಂದ ಆಂಟನಿ ಮತ್ತು ಮೇರಿ ಜಾನ್ಸನ್ ಬಿಡುಗಡೆ ಪಡೆದು ಜಮೀನು ಮಾಡಿ, ನಾಲ್ಕು ಮಕ್ಕಳನ್ನು ಸಾಕಿ, ನಲವತ್ತು ವರ್ಷ ಸಂಸಾರ ಮಾಡಿದರು. ದಕ್ಷಿಣದಲ್ಲಿ ಬಿಳಿಯರಿಗೂ ಅಷ್ಟು ವರ್ಷ ಸಿಗುತ್ತಿರಲಿಲ್ಲ. ಎಲಿಜಬೆತ್ ಕೀ ಎಂಬಾಕೆಯ ತಾಯಿ ಆಫ್ರಿಕಾದವಳು, ತಂದೆ ಇಂಗ್ಲಿಷ್. ಮಗು ತಂದೆಯ ಕಡೆಗೆ ಸೇರುತ್ತದೆ ಅನ್ನುವ ಇಂಗ್ಲಿಷ್ ಕಾನೂನನ್ನೇ ಹಿಡಿದು ವಾದಿಸಿ 1656ರಲ್ಲಿ ಬಿಡುಗಡೆ ಗೆದ್ದಳು, ಕೇಸು ನಡೆಸಿದ ವಿಲಿಯಂ ಗ್ರಿನ್‌ಸ್ಟೆಡ್‌ನನ್ನೇ ಮದುವೆಯಾದಳು.

1662ರಲ್ಲಿ ವರ್ಜೀನಿಯಾ ಆ ದಾರಿ ಮುಚ್ಚಿತು. ಮಗು ತಾಯಿಯ ಸ್ಥಿತಿಗೇ ಸೇರುತ್ತದೆ ಅಂತ ಕಾನೂನು ಮಾಡಿತು. ಜಮೀನಿಗೆ, ಹೆಸರಿಗೆ, ವಾರಸಿಗೆ ತಂದೆ. ಗುಲಾಮಗಿರಿಗೆ ಮಾತ್ರ ತಾಯಿ. ಯಜಮಾನ ತನ್ನ ಗುಲಾಮಳಲ್ಲಿ ಹುಟ್ಟಿಸಿದ ಮಗು ಅವನ ಆಸ್ತಿಯಾಯಿತು. ಗುಲಾಮರ ಮದುವೆಗೆ ಕಾನೂನಿನಲ್ಲಿ ಬೆಲೆಯೇ ಇಲ್ಲವಾಯಿತು. 1691ರಲ್ಲಿ ಕರಿಯರನ್ನೋ ಮೂಲನಿವಾಸಿಗಳನ್ನೋ ಮದುವೆಯಾದ ಬಿಳಿಯರಿಗೆ ಗಡೀಪಾರು ಬಂತು. ಆ ಕಾಲದ ಸಂಸಾರದ ಬಗ್ಗೆ ಬರೆಯುವವರು ಈ 1662ನ್ನು ಅಡಿಟಿಪ್ಪಣಿಗೆ ತಳ್ಳಿದರೆ ನನಗೆ ಸಿಟ್ಟು ಬರುತ್ತದೆ. ಮಿಕ್ಕ ಮನೆಗಳು ನಿಂತದ್ದೇ ಇದರ ಮೇಲೆ.

ಪೋಕಾಹಾಂಟಸ್ ಮದುವೆ ನಿಜವಾದ ಪ್ರೇಮಕಥೆನಾ?

1613ರಲ್ಲಿ ಇಂಗ್ಲಿಷರು ಪೌಹಾಟನ್ ಜನರ ದೊರೆಯ ಮಗಳಾದ ಅವಳನ್ನು ಒತ್ತೆಯಾಗಿ ಹಿಡಿದರು. ಸೆರೆಯಲ್ಲಿದ್ದಾಗಲೇ ಕ್ರೈಸ್ತಳಾಗಿ ರ‍್ಯಾಬೆಕಾ ಎಂಬ ಹೆಸರು ಬಂತು. 1614ರ ಏಪ್ರಿಲ್‌ನಲ್ಲಿ ಹೊಗೆಸೊಪ್ಪು ಬೆಳೆಗಾರ ಜಾನ್ ರಾಲ್ಫ್ ಜೊತೆ ಮದುವೆ. ಮದುವೆಗೆ ಮುಂಚೆ ಅವನು ಗವರ್ನರ್‌ಗೆ ಬರೆದ ಉದ್ದದ ಪತ್ರವಿದೆ, ಅದರಲ್ಲಿ ಅವನ ತಳಮಳ ಕಾಣುತ್ತದೆ. ಅವಳ ಪತ್ರ ಒಂದೂ ಇಲ್ಲ. ಕೆಲವು ವರ್ಷ ಎರಡು ಕಡೆಯ ನಡುವೆ ಶಾಂತಿ ಇತ್ತು. 1617ರಲ್ಲಿ ಅವಳು ಇಂಗ್ಲೆಂಡಿನ ಗ್ರೇವ್ಸೆಂಡ್‌ನಲ್ಲಿ ತೀರಿಕೊಂಡಳು, ಇಪ್ಪತ್ತರ ಆಸುಪಾಸಿನಲ್ಲಿ. ಅವಳ ಕಡೆಯಿಂದ ಒಂದು ಮಾತೂ ಇಲ್ಲದೆ ಪ್ರೇಮಕಥೆ ಅನ್ನಲು ನನಗೆ ಧೈರ್ಯ ಸಾಲದು.

ಫ್ರೆಂಚರು, ಡಚ್ಚರು ಬೇರೆ ತರ ಮಾಡ್ತಿದ್ರಾ?

ಕೆನಡಾದಲ್ಲಿ ಫ್ರಾನ್ಸಿನ ರಾಜನೇ ಮದುವೆ ದಲ್ಲಾಳಿ. 1663ರಿಂದ 1673ರವರೆಗೆ ಸುಮಾರು 770 ಹೆಣ್ಣುಮಕ್ಕಳನ್ನು ತನ್ನ ಖರ್ಚಿನಲ್ಲಿ ಕಳಿಸಿದ. "ರಾಜನ ಹೆಣ್ಣುಮಕ್ಕಳು" ಅಂತ ಅವರ ಹೆಸರು. ಹತ್ತು ಮಕ್ಕಳ ತಂದೆಗೆ ವರ್ಷಕ್ಕೆ 300 ಲಿವ್ರ್ (ಆಗಿನ ಫ್ರೆಂಚ್ ಹಣ) ಪಿಂಚಣಿಯ ಆಸೆ ತೋರಿಸಿದರು. ಇಂದಿನ ಕ್ವಿಬೆಕ್‌ನ ಫ್ರೆಂಚ್ ಮನೆತನಗಳಲ್ಲಿ ಬಹುಪಾಲು ಇವರ ಸಂತಾನ. ಇಂದಿನ ನ್ಯೂಯಾರ್ಕ್‌ನ ಡಚ್ ಹೆಂಗಸರು ಮದುವೆಯಾದ ಮೇಲೂ ತಂದೆಯ ಕಡೆಯ ಹೆಸರು ಇಟ್ಟುಕೊಂಡರು, ಗಂಡನ ಜೊತೆ ಜಂಟಿ ಉಯಿಲು ಬರೆದರು, ವ್ಯಾಪಾರ ಮಾಡಿದರು. 1664ರಲ್ಲಿ ಇಂಗ್ಲಿಷರು ಊರು ಹಿಡಿದ ಮೇಲೆ ಇದು ನಿಧಾನಕ್ಕೆ ಸವೆಯಿತು.

ನಮ್ಮ ಕಡೆ ಬಂದ ಪರಂಗಿಗಳು ಸಂಸಾರ ಮಾಡಲಿಲ್ಲವಾ?

ಮಾಡಿದರು. 1510ರಲ್ಲಿ ಬಿಜಾಪುರದವರ ಕೈಯಿಂದ ಗೋವಾ ಕಿತ್ತುಕೊಂಡ ಪೋರ್ಚುಗೀಸರ ಅಲ್ಬುಕರ್ಕ್ ತನ್ನ ಸಿಪಾಯಿಗಳಿಗೆ ಸ್ಥಳೀಯ ಹೆಣ್ಣುಗಳನ್ನು ಮದುವೆಯಾಗಲು ಉತ್ತೇಜನ ಕೊಟ್ಟ. ಹಾಗೆ ನೆಲೆ ನಿಂತವರಿಗೆ "ಕಸಾದೊ", ಮದುವೆಯಾದವನು, ಅನ್ನುವ ಹೆಸರೇ ಬಿತ್ತು. ಆಮೇಲೆ ಲಿಸ್ಬನ್‌ನಿಂದ ಅನಾಥ ಹುಡುಗಿಯರನ್ನೂ ಕಳಿಸಿದರು. ಮದರಾಸಿನಲ್ಲಿ ಈಸ್ಟ್ ಇಂಡಿಯಾ ಕಂಪನಿ 1687ರಲ್ಲಿ, ಸಿಪಾಯಿಯನ್ನು ಮದುವೆಯಾದ ಸ್ಥಳೀಯ ಹೆಣ್ಣಿನ ಮಗುವಿಗೆ ನಾಮಕರಣವಾದರೆ ತಾಯಿಗೆ ಒಂದು ಪಗೋಡ ಇನಾಮು ಕೊಡುವ ಮಾತಾಡಿತು. ಪಗೋಡ ಅಂದರೆ ನಮ್ಮ ವಿಜಯನಗರದ ವರಾಹ. ವರ್ಜೀನಿಯಾದಲ್ಲಿ ಹೊಗೆಸೊಪ್ಪು, ಕೆನಡಾದಲ್ಲಿ ಲಿವ್ರ್, ಇಲ್ಲಿ ವರಾಹ.

ಇಷ್ಟೆಲ್ಲ ಲೆಕ್ಕಾಚಾರದ ನಡುವೆ ಗಂಡ ಹೆಂಡತಿಗೆ ಪ್ರೀತಿ ಇತ್ತಾ?

ಪ್ರತಿ ಸಲವೂ ಕೊನೆಗೆ ಬರುವ ಪ್ರಶ್ನೆ. ಉತ್ತರವಾಗಿ ನಾನು ಜಾನ್ ವಿನ್‌ತ್ರಾಪ್‌ನ ಪತ್ರಗಳನ್ನು ಹೇಳುತ್ತೇನೆ. 1630ರಲ್ಲಿ ಮ್ಯಾಸಚೂಸೆಟ್ಸ್‌ಗೆ ಜನರನ್ನು ಕರೆತಂದ ಗವರ್ನರ್ ಇವನೇ. ಮೂರನೆಯ ಹೆಂಡತಿ ಮಾರ್ಗರೆಟ್ ಬಸುರಿ, ಇಂಗ್ಲೆಂಡಿನಲ್ಲೇ ಉಳಿದಳು. ಹೊರಡುವ ಮುಂಚೆ ಇಬ್ಬರೂ ಒಂದು ಒಪ್ಪಂದ ಮಾಡಿಕೊಂಡರು. ಪ್ರತಿ ಸೋಮವಾರ, ಶುಕ್ರವಾರ ಸಂಜೆ ಐದು ಗಂಟೆಗೆ ಸಮುದ್ರದ ಎರಡೂ ಕಡೆ ಕೂತು ಒಬ್ಬರನ್ನೊಬ್ಬರು ನೆನೆಯುವುದು.

ಆ ವರ್ಷದ ನವೆಂಬರ್‌ನಲ್ಲಿ ಅವನು ಬರೆದ ಪತ್ರದಲ್ಲಿ ತಪ್ಪೊಪ್ಪಿಗೆ ಇದೆ. ಕೆಲಸ ಬಹಳ, ಸೋಮವಾರ ಶುಕ್ರವಾರಗಳನ್ನು ಆಗಾಗ ಮರೆತೇಬಿಡುತ್ತೇನೆ ಅಂತ. ಪಾಪ, ಊರು ಕಟ್ಟುತ್ತಿದ್ದ, ಬಂದ ಕೆಲವೇ ವಾರಗಳಲ್ಲಿ ಒಬ್ಬ ಮಗ ನೀರಿನಲ್ಲಿ ಮುಳುಗಿ ಸತ್ತಿದ್ದ. ಆದರೂ ಮರೆತೆ ಅಂತ ಹೆಂಡತಿಗೆ ಬರೆದನಲ್ಲ.

ಮರುವರ್ಷ ಮಾರ್ಗರೆಟ್ ಹಡಗು ಹತ್ತಿದಳು. ಅವನು ಹೊರಟ ಮೇಲೆ ಹುಟ್ಟಿದ, ಅವನು ಒಮ್ಮೆಯೂ ನೋಡದ ಮಗಳು ದಾರಿಯಲ್ಲೇ ತೀರಿಕೊಂಡಳು. 1631ರ ನವೆಂಬರ್ ಮೊದಲ ವಾರ ಮಾರ್ಗರೆಟ್ ಬಾಸ್ಟನ್ನಿನಲ್ಲಿ ಇಳಿದಾಗ ಬಂದೂಕು ಹಾರಿಸಿ ಎದುರುಗೊಂಡರು. ಸುತ್ತಲ ಊರಿನವರು ಗವರ್ನರ್ ಮನೆಗೆ ಕೊಬ್ಬಿದ ಹಂದಿ, ಆಡಿನ ಮರಿ, ಜಿಂಕೆ ಮಾಂಸ, ಕೋಳಿ, ಹೆಬ್ಬಾತುಗಳನ್ನು ಹೊತ್ತು ತಂದರು.